ಒಡಹುಟ್ಟಿದವರ ಮಾನಸಿಕ ಕಾಯಿಲೆ ಮತ್ತು ಚೇತರಿಕೆ: ಕುಟುಂಬದ ಹೊಣೆ, ಗ್ರಾಮ ಪಂಚಾಯತಿ ಸದಸ್ಯರ ಪಾತ್ರ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)



ಮಾನಸಿಕ ಕಾಯಿಲೆ ಎಂಬ ವಿಷಯವನ್ನು ನಮೂದಿಸಿ ಗ್ರಾಮ ಪಂಚಾಯತಿಗೆ ಅರ್ಜಿ ಸಲ್ಲಿಸುವವರು ವಿರಳ. ಆದರೆ ಅದೇ ವಿಷಯವು ಬೇರೆ ಬೇರೆ ರೂಪಗಳಲ್ಲಿ ಸದಸ್ಯರ ಮನೆ ಬಾಗಿಲಿಗೆ ಬರುತ್ತಲೇ ಇರುತ್ತದೆ. ಅಣ್ಣತಮ್ಮಂದಿರ ಪಾಲಿನ ತಕರಾರಾಗಿ, ರಾತ್ರಿ ಬೀದಿಯಲ್ಲಿ ಕೂಗಾಡುವವನ ಮೇಲಿನ ದೂರಾಗಿ, ಗಂಡನ ಮನೆಯಿಂದ ತವರಿಗೆ ಕಳುಹಿಸಲ್ಪಟ್ಟ ಹೆಣ್ಣುಮಗಳ ರಾಜಿ ಮಾತುಕತೆಯಾಗಿ, ಹಿಂದಿನ ಕೋಣೆಯಲ್ಲಿ ಕೂಡಿಹಾಕಲ್ಪಟ್ಟ ಒಬ್ಬ ಮನುಷ್ಯನ ಕುರಿತ ಪಿಸುಮಾತಾಗಿ ಅದು ಬರುತ್ತದೆ. ಇಂತಹ ಸಂದರ್ಭಗಳಲ್ಲಿ ಸದಸ್ಯರು ಆಡುವ ಒಂದು ಮಾತು ಒಬ್ಬರನ್ನು ಚಿಕಿತ್ಸೆಯತ್ತ ಕರೆದೊಯ್ಯಬಲ್ಲದು, ಇಲ್ಲವೇ ಮತ್ತೆ ಹತ್ತು ವರ್ಷ ಅದೇ ಕೋಣೆಯಲ್ಲಿ ಇರಿಸಬಲ್ಲದು. ಆದುದರಿಂದ ಈ ವಿಷಯದ ಕುರಿತು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಒಡಹುಟ್ಟಿದವರ ಕುರಿತೇ ಪ್ರತ್ಯೇಕವಾಗಿ ಬರೆಯಲು ಕಾರಣವಿದೆ. ತೀವ್ರ ಸ್ವರೂಪದ ಮಾನಸಿಕ ಕಾಯಿಲೆಗಳು ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಯೌವನದಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲ ಹತ್ತು ಹದಿನೈದು ವರ್ಷ ತಂದೆತಾಯಿ ನೋಡಿಕೊಳ್ಳುತ್ತಾರೆ. ಅವರಿಗೆ ವಯಸ್ಸಾದಾಗ ಅಥವಾ ಅವರು ತೀರಿಕೊಂಡಾಗ ಹೊಣೆಯು ಅಣ್ಣ, ಅಕ್ಕ, ತಮ್ಮ, ತಂಗಿಯರ ಮೇಲೆ ಬೀಳುತ್ತದೆ. ಆ ಹೊತ್ತಿಗೆ ಅವರಿಗೂ ಮಕ್ಕಳು, ಸಾಲ, ಬೇಸಾಯ, ದುಡಿಮೆಯ ಚಿಂತೆಗಳಿರುತ್ತವೆ. ಕಾಯಿಲೆಯ ವಿವರವನ್ನಾಗಲೀ ಔಷಧದ ಚೀಟಿಯನ್ನಾಗಲೀ ಅವರಿಗೆ ಯಾರೂ ಒಪ್ಪಿಸಿರುವುದಿಲ್ಲ.

ಒಂದು ಕುಟುಂಬದ ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮಳೆಯಾಶ್ರಿತ ಶೇಂಗಾ ಹೊಲವುಳ್ಳ ಮನೆ. ಅಣ್ಣ ಊರಿನಲ್ಲಿ ಬೇಸಾಯ ನೋಡಿಕೊಳ್ಳುತ್ತಾನೆ. ತಮ್ಮನು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ದುಡಿದು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹಠಾತ್ತನೆ ಊರಿಗೆ ಮರಳುತ್ತಾನೆ. ನಿದ್ರೆ ಮಾಡುವುದಿಲ್ಲ. ಜೊತೆಗಾರರು ತನ್ನನ್ನು ಕೊಲ್ಲಲು ಹಿಂಬಾಲಿಸುತ್ತಿದ್ದಾರೆ ಎನ್ನುತ್ತಾನೆ. ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆಯನ್ನು ದೂಡುತ್ತಾನೆ. ಮನೆಯವರು ಮೊದಲು ಬೆಂಗಳೂರಿನ ಸಹವಾಸವನ್ನು ದೂರುತ್ತಾರೆ, ಬಳಿಕ ಮಾಟವೆನ್ನುತ್ತಾರೆ, ಬಳಿಕ ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹೀಗೆ ಎರಡು ವರ್ಷ ಕಳೆಯುತ್ತದೆ. ತಂಗಿಯು ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋಗಿದ್ದಾಳೆ. ತಾಯಿ ಮಾತ್ರ ಅವನಿಗೆ ಊಟ ಹಾಕುತ್ತಾಳೆ. ಅಣ್ಣನು ತಮ್ಮನೊಡನೆ ಮಾತು ಬಿಟ್ಟಿದ್ದಾನೆ.

ಈ ಕುಟುಂಬದಲ್ಲಿ ಯಾರೂ ಕೆಟ್ಟವರಲ್ಲ. ತಮ್ಮನಿಗೆ ಇರುವುದು ಚಿಕಿತ್ಸೆಗೆ ಸ್ಪಂದಿಸುವ ಕಾಯಿಲೆ ಎಂಬುದು ಅವರಿಗೆ ತಿಳಿದಿಲ್ಲ, ಅಷ್ಟೇ. ಮುಂದಿನ ವಿವರಣೆಯಲ್ಲಿ ಈ ಮನೆಯನ್ನು ಆಗಾಗ ನೆನೆಯೋಣ.

ಕಾಯಿಲೆಯನ್ನು ಗುರುತಿಸುವುದು ಹೇಗೆ

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಸಮಯದಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಬಹುಪಾಲು ಜನರು ಚಿಕಿತ್ಸೆಯ ಹೊರಗೇ ಉಳಿದಿದ್ದರು. ಎಲ್ಲ ಕಾಯಿಲೆಗಳೂ ಒಂದೇ ಬಗೆಯವಲ್ಲ.

ಖಿನ್ನತೆಯಲ್ಲಿ ವಾರಗಟ್ಟಲೆ ಬೇಸರ, ನಿರಾಸಕ್ತಿ, ನಿದ್ರೆ ಮತ್ತು ಹಸಿವಿನ ಏರುಪೇರು, ಬದುಕು ಬೇಡವೆಂಬ ಆಲೋಚನೆ ಇರುತ್ತವೆ. ಇದನ್ನು ಸೋಮಾರಿತನವೆಂದು ತಪ್ಪಾಗಿ ತಿಳಿಯುವುದುಂಟು. ಬೈಪೋಲಾರ್ ಕಾಯಿಲೆಯಲ್ಲಿ ಕೆಲವು ಕಾಲ ಅತಿಯಾದ ಉತ್ಸಾಹ, ಅತಿಮಾತು, ನಿದ್ರೆ ಬೇಡವೆನ್ನುವಿಕೆ, ಮನಬಂದಂತೆ ಹಣ ಖರ್ಚು ಮಾಡುವುದು ಕಂಡುಬಂದು, ಇನ್ನು ಕೆಲವು ಕಾಲ ಖಿನ್ನತೆ ಕವಿಯುತ್ತದೆ. ಚಿತ್ತವಿಕಲತೆ ಅಥವಾ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯಲ್ಲಿ ಇತರರಿಗೆ ಕೇಳಿಸದ ಧ್ವನಿಗಳು ಕೇಳಿಸುತ್ತವೆ, ಆಧಾರವಿಲ್ಲದ ಸಂಶಯಗಳು ಬಲವಾಗುತ್ತವೆ, ವ್ಯಕ್ತಿಯು ಸ್ನಾನ, ಬಟ್ಟೆ, ಮಾತುಕತೆಗಳಿಂದ ದೂರವಾಗುತ್ತಾನೆ. ಈ ಕೊನೆಯ ಕಾಯಿಲೆಯು ನೂರಕ್ಕೆ ಸುಮಾರು ಒಬ್ಬರಿಗೆ ಬರಬಹುದು. ಅಂದರೆ ಸಾಧಾರಣ ಗಾತ್ರದ ಯಾವುದೇ ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲೂ ಇಂತಹ ಹಲವು ಕುಟುಂಬಗಳು ಇರಬಹುದೆಂದು ಭಾವಿಸಿಯೇ ಸದಸ್ಯರು ನಡೆಯುವುದು ಸೂಕ್ತ.

ಬುದ್ಧಿಮಾಂದ್ಯತೆ ಮತ್ತು ಮಾನಸಿಕ ಕಾಯಿಲೆ ಬೇರೆ ಬೇರೆ. ಮೊದಲನೆಯದು ಬಾಲ್ಯದಿಂದಲೇ ಇರುವ ಬೆಳವಣಿಗೆಯ ಕೊರತೆ. ಎರಡನೆಯದು ಚೆನ್ನಾಗಿದ್ದವರಿಗೆ ನಡುವೆ ಬರುವ, ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆ. ಅರ್ಜಿ, ಪ್ರಮಾಣಪತ್ರಗಳಲ್ಲಿ ಇವೆರಡನ್ನೂ ಒಂದೇ ಎಂದು ನಮೂದಿಸಿದರೆ ಮುಂದೆ ಸೌಲಭ್ಯಗಳಿಗೆ ತೊಡಕಾಗುತ್ತದೆ.

ಹರಕೆ, ನಂಬಿಕೆ ಮತ್ತು ಔಷಧ

ಪಾವಗಡದ ಶನಿಮಹಾತ್ಮನ ಸನ್ನಿಧಿಗೆ, ಮಧುಗಿರಿಯ ದಂಡಿನ ಮಾರಮ್ಮನ ಗುಡಿಗೆ, ಶಿರಾದ ದರ್ಗಾಗಳಿಗೆ, ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೆ ಕಷ್ಟದಲ್ಲಿರುವ ಕುಟುಂಬಗಳು ಹೋಗುವುದು ಸಹಜ. ನೊಂದ ಮನೆಯವರಿಗೆ ಅದರಿಂದ ಧೈರ್ಯ ಸಿಗುತ್ತದೆ. ಅದನ್ನು ಹೀಗಳೆದು ಮಾತನಾಡಿದರೆ ಆ ಕುಟುಂಬವು ಸದಸ್ಯರ ಮಾತನ್ನು ಮತ್ತೆ ಕೇಳುವುದಿಲ್ಲ. ಪೂಜೆಗೂ ಔಷಧಕ್ಕೂ ವಿರೋಧವಿಲ್ಲ ಎಂದು ತಿಳಿಸಿದರೆ ಸಾಕು. ಹರಕೆ ತೀರಿಸಲು ಹೋಗುವ ದಿನವೂ ಮಾತ್ರೆ ತಪ್ಪಬಾರದು. ಆದರೆ ಹೊಡೆಯುವುದು, ಬರೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ನಡೆಯುವ ಕಡೆ ಇದು ನಂಬಿಕೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದು ಹಿಂಸೆ, ಕಾನೂನಿಗೆ ವಿರುದ್ಧ.

ಚಿಕಿತ್ಸೆ ಎಲ್ಲಿ ದೊರೆಯುತ್ತದೆ

ಮಾನಸಿಕ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕೆಂಬ ಭಾವನೆ ಇನ್ನೂ ಇದೆ. ಇದಕ್ಕೆ ಹಿಂದೆ ಆಧಾರವಿತ್ತು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯು ಬೆಂಗಳೂರಿನಲ್ಲಿಯೇ ಇತ್ತು, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಕೂಡ ಅಲ್ಲಿಯೇ ಇದೆ. ಆದರೆ ರೋಗಿಗಳು ದೂರದಿಂದ ಬರಲಾರರು, ಬಂದವರು ಎರಡನೆಯ ಬಾರಿ ಬರುವುದಿಲ್ಲ ಎಂಬುದನ್ನು ಕಂಡು ಚಿಕಿತ್ಸೆಯನ್ನೇ ಹಳ್ಳಿಗಳ ಹತ್ತಿರ ಒಯ್ಯುವ ಪ್ರಯತ್ನವೂ ಕರ್ನಾಟಕದಲ್ಲಿಯೇ ಆರಂಭವಾಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೆಂಗಳೂರಿನ ಹೊರಗೆ ನಿಮ್ಹಾನ್ಸ್ ನಡೆಸಿಕೊಂಡು ಬಂದ ವಿಸ್ತರಣಾ ಚಿಕಿತ್ಸಾಲಯಗಳ ಪೈಕಿ ಕನಕಪುರ, ಆನೇಕಲ್, ಮದ್ದೂರು, ಗೌರಿಬಿದನೂರುಗಳ ಜೊತೆಗೆ ನಮ್ಮ ಮಧುಗಿರಿಯೂ ಸೇರಿದೆ.

ನಮ್ಮದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕು ಮತ್ತು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಪೀಡಿತರನ್ನು ಹಳ್ಳಿಗಳಲ್ಲಿಯೇ ಗುರುತಿಸಿ, ಸಮೀಪದಲ್ಲಿಯೇ ಔಷಧ ಕೊಟ್ಟು, ವರ್ಷಗಟ್ಟಲೆ ಅನುಸರಣೆ ಮಾಡುವ ಕಾರ್ಯವನ್ನು ನಿಮ್ಹಾನ್ಸ್ ತಜ್ಞರು ಕೈಗೊಂಡರು. ವರ್ಷಗಳಿಂದ ಚಿಕಿತ್ಸೆಯನ್ನೇ ಕಾಣದವರೂ ಅಲ್ಲಿ ದೊರೆತರು. ಚಿಕಿತ್ಸೆಯನ್ನು ಬಿಡದೆ ಮುಂದುವರಿಸಿದವರಲ್ಲಿ ದಿನನಿತ್ಯದ ಬದುಕು ನಡೆಸುವ ಶಕ್ತಿ ಗಣನೀಯವಾಗಿ ಮರಳಿತು. ದೊಡ್ಡ ಆಸ್ಪತ್ರೆಯಲ್ಲಿ ಸೇರಿಸದೆಯೂ, ಮನೆಯಲ್ಲಿಯೇ ಇದ್ದುಕೊಂಡು, ನಿಯತವಾಗಿ ಮಾತ್ರೆ ಸೇವಿಸುತ್ತಾ ಚೇತರಿಸಿಕೊಳ್ಳುವುದು ಸಾಧ್ಯ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಕುಟುಂಬವೊಂದು ಹಿಡಿಯಬೇಕಾದ ದಾರಿ ಹೀಗಿದೆ. ಮೊದಲು ಆಶಾ ಕಾರ್ಯಕರ್ತೆ ಅಥವಾ ಸಮುದಾಯ ಆರೋಗ್ಯ ಅಧಿಕಾರಿಗೆ ತಿಳಿಸುವುದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣುವುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದಂದು ಬಂದು ತಪಾಸಣೆ ನಡೆಸುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ಖಚಿತಪಡಿಸಿಕೊಂಡು ಹೋದರೆ ಪ್ರಯಾಣ ವ್ಯರ್ಥವಾಗುವುದಿಲ್ಲ. ಹೆಚ್ಚಿನ ಚಿಕಿತ್ಸೆಗೆ ತುಮಕೂರಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಔಷಧಗಳನ್ನು ಉಚಿತವಾಗಿ ನೀಡಲಾಗುತ್ತದೆ.

ದೂರವಾಣಿಯ ಮೂಲಕವೂ ಸಲಹೆ ಪಡೆಯಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ, ಗಡಿಭಾಗದ ಹಳ್ಳಿಗಳವರಿಗೆ ಅನುಕೂಲವಾಗುವಂತೆ ತೆಲುಗಿನಲ್ಲಿಯೂ ಮಾತನಾಡಬಹುದು. ಕಾಯಿಲೆಯಾದವರು ಒಪ್ಪದಿದ್ದಾಗ ಅಣ್ಣ ಅಥವಾ ಅಕ್ಕ ತಾವೇ ಕರೆ ಮಾಡಿ ಹೇಗೆ ನಡೆದುಕೊಳ್ಳಬೇಕೆಂದು ಕೇಳಬಹುದು.

ಔಷಧದ ವಿಚಾರದಲ್ಲಿ ಮನೆಯವರು ತಿಳಿದಿರಬೇಕಾದದ್ದು

ಮಾತ್ರೆ ನುಂಗಿದ ಮರುದಿನವೇ ಗುಣ ಕಾಣುವುದಿಲ್ಲ. ಖಿನ್ನತೆಯ ಔಷಧಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಸಂಶಯ, ಧ್ವನಿಗಳ ಕಾಯಿಲೆಗೂ ಹಲವು ವಾರಗಳು ಬೇಕಾಗಬಹುದು. ಆರಂಭದಲ್ಲಿ ತೂಕಡಿಕೆ, ಕೈನಡುಕ, ಮೈಬಿಗಿತ, ಬಾಯಿ ಒಣಗುವಿಕೆ, ತೂಕ ಹೆಚ್ಚುವಿಕೆ ಕಾಣಬಹುದು. ಇವುಗಳಲ್ಲಿ ಹೆಚ್ಚಿನವನ್ನು ವೈದ್ಯರು ಔಷಧದ ಪ್ರಮಾಣ ಬದಲಿಸಿ ಸರಿಪಡಿಸಬಲ್ಲರು. ಆದುದರಿಂದ ಮಾತ್ರೆ ನಿಲ್ಲಿಸುವ ಮೊದಲು ವೈದ್ಯರಿಗೆ ತಿಳಿಸುವುದು ಅಗತ್ಯ.

ಹೆಚ್ಚಿನ ಕುಟುಂಬಗಳು ಎಡವುವುದು ಗುಣ ಕಂಡ ಮೇಲೆ. ಆರು ತಿಂಗಳು ಚೆನ್ನಾಗಿದ್ದಾನೆ, ಇನ್ನು ಮಾತ್ರೆ ಏಕೆ ಎಂದು ನಿಲ್ಲಿಸುತ್ತಾರೆ. ಕಾಯಿಲೆ ಮರುಕಳಿಸುತ್ತದೆ. ಆಗ ಔಷಧದಿಂದ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ಮುಂದುವರಿಸುವಂತೆಯೇ ಇದನ್ನೂ ವೈದ್ಯರು ಹೇಳುವವರೆಗೆ ಮುಂದುವರಿಸಬೇಕು.

ನಮ್ಮ ತಾಲ್ಲೂಕುಗಳ ಬಿಸಿಲಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಹೇಳಬೇಕಿದೆ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ಸೇವಿಸುವವರ ಮೈಯಲ್ಲಿ ನೀರು ಕಡಿಮೆಯಾದರೆ ಔಷಧದ ಅಂಶ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಬೇಸಿಗೆಯಲ್ಲಿ ಹೊಲದ ಕೆಲಸ ಮಾಡುವಾಗ ಸಾಕಷ್ಟು ನೀರು ಕುಡಿಯಬೇಕು. ವಾಂತಿ, ಭೇದಿ, ಹೆಚ್ಚಿದ ಕೈನಡುಕ, ನಡಿಗೆಯಲ್ಲಿ ತೂರಾಟ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ವೈದ್ಯರು ಸೂಚಿಸಿದಾಗ ರಕ್ತಪರೀಕ್ಷೆಯನ್ನು ತಪ್ಪಿಸಬಾರದು.

ಮನೆಯೊಳಗಿನ ಮಾತು

ಮನೆಯಲ್ಲಿ ಸದಾ ಟೀಕೆ, ಮೂದಲಿಕೆ, ದ್ವೇಷ ಇರುವ ಕಡೆ ಕಾಯಿಲೆ ಬೇಗ ಮರುಕಳಿಸುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ. ಅತಿಯಾದ ಮುದ್ದು, ಒಂದು ಲೋಟ ನೀರನ್ನೂ ತಾನೇ ತೆಗೆದುಕೊಳ್ಳಲು ಬಿಡದಷ್ಟು ಕಾವಲು ಕೂಡ ಒಳ್ಳೆಯದಲ್ಲ. ಒಡಹುಟ್ಟಿದವರಿಗೆ ಇಲ್ಲಿ ಒಂದು ಅನುಕೂಲವಿದೆ. ಅವರು ಒಟ್ಟಿಗೆ ಆಡಿ ಬೆಳೆದವರು. ಕಾಯಿಲೆಗೆ ಮೊದಲು ಆ ವ್ಯಕ್ತಿ ಹೇಗಿದ್ದನೆಂಬುದನ್ನು ಬಲ್ಲವರು. ಬೇರೆ ಯಾರ ಮಾತನ್ನೂ ಕೇಳದವನು ಅಕ್ಕನ ಮಾತಿಗೆ ಊಟಕ್ಕೆ ಏಳಬಹುದು.

ನಮ್ಮ ಉದಾಹರಣೆಯ ತಮ್ಮನು "ನನ್ನನ್ನು ಕೊಲ್ಲಲು ಬರುತ್ತಿದ್ದಾರೆ" ಎಂದಾಗ ಅಣ್ಣನು "ಹುಚ್ಚನ ಹಾಗೆ ಆಡಬೇಡ" ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. "ಹೌದು, ಬರುತ್ತಿದ್ದಾರೆ" ಎಂದರೆ ಭಯ ಬಲಿಯುತ್ತದೆ. "ನನಗೆ ಯಾರೂ ಕಾಣುತ್ತಿಲ್ಲ ಕಣೋ, ಆದರೆ ನಿನಗೆ ಬಹಳ ಭಯವಾಗಿದೆ ಎಂದು ಗೊತ್ತಾಗುತ್ತಿದೆ. ನಾನು ಇಲ್ಲೇ ಇದ್ದೇನೆ, ಮಲಗು" ಎಂದರೆ ಸುಳ್ಳೂ ಆಗುವುದಿಲ್ಲ, ಜಗಳವೂ ಆಗುವುದಿಲ್ಲ. ಆಸ್ಪತ್ರೆಗೆ ಕರೆದೊಯ್ಯುವಾಗಲೂ ಹುಚ್ಚಿಗೆ ಚಿಕಿತ್ಸೆ ಎನ್ನುವುದಕ್ಕಿಂತ, ನಿದ್ರೆ ಬರುತ್ತಿಲ್ಲವಲ್ಲ, ಅದಕ್ಕೆ ಒಮ್ಮೆ ತೋರಿಸೋಣ ಎಂದರೆ ಒಪ್ಪುವ ಸಂಭವ ಹೆಚ್ಚು. ಬೇರೆಲ್ಲಿಗೋ ಹೋಗೋಣವೆಂದು ಸುಳ್ಳು ಹೇಳಿ ಕರೆದೊಯ್ದರೆ ಮುಂದೆ ವಿಶ್ವಾಸವನ್ನು ಮರಳಿ ಪಡೆಯುವುದು ಕಷ್ಟ.

ಅಪಾಯದ ಹೊತ್ತಿನಲ್ಲಿ

ಸಾಯುವ ಮಾತನ್ನು ಆಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. ನೇರವಾಗಿ, ಮೃದುವಾಗಿ ಕೇಳಬೇಕು. ಹಾಗೆ ಕೇಳುವುದರಿಂದ ಆ ಆಲೋಚನೆ ಹುಟ್ಟುವುದಿಲ್ಲ. ಬದಲಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅವರನ್ನು ಒಂಟಿಯಾಗಿ ಬಿಡಬಾರದು. ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ತೆಗೆದು ಬೀಗದೊಳಗೆ ಅಥವಾ ಬೇರೆಯವರ ವಶದಲ್ಲಿ ಇರಿಸಬೇಕು. ಮಾತ್ರೆಗಳನ್ನು ಮನೆಯ ಒಬ್ಬರು ತಮ್ಮ ಬಳಿ ಇರಿಸಿಕೊಂಡು ಆಯಾ ಹೊತ್ತಿಗೆ ಕೊಡಬೇಕು. ಪ್ರಾಣಾಪಾಯವಿದ್ದರೆ 108 ಆಂಬುಲೆನ್ಸ್ ಅಥವಾ 112ಕ್ಕೆ ಕರೆ ಮಾಡಬೇಕು.

ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಪೊಲೀಸ್ ಪ್ರಕರಣವಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ಕರೆದೊಯ್ಯದ ಕುಟುಂಬಗಳಿವೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕರಣ 115ರಂತೆ, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆ ಬೇಕಿಲ್ಲ, ಆರೈಕೆ ನೀಡಬೇಕು. ಈ ಒಂದು ವಿಷಯವನ್ನು ಸದಸ್ಯರು ಹಳ್ಳಿಯಲ್ಲಿ ತಿಳಿಸಿದರೆ ಜೀವ ಉಳಿಯಬಹುದು.

ಸರಪಳಿ ಮತ್ತು ಬೀಗದ ಕೋಣೆ

2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಖಾಸಗಿ ಆಶ್ರಯ ಶೆಡ್ಡಿಗೆ ಬೆಂಕಿ ಬಿದ್ದಿತು. ಅಲ್ಲಿದ್ದ ಮಾನಸಿಕ ಅಸ್ವಸ್ಥರನ್ನು ಸರಪಳಿಗಳಿಂದ ಬಿಗಿಯಲಾಗಿತ್ತು. 28 ಮಂದಿ ಪ್ರಾಣ ಕಳೆದುಕೊಂಡರು. ಅವರನ್ನು ಅಲ್ಲಿ ಬಿಟ್ಟವರಲ್ಲಿ ಗುಣವಾಗಲಿ ಎಂಬ ಆಸೆಯಿಂದ ಬಂದಿದ್ದ ಬಂಧುಗಳೂ ಇದ್ದರು.

2017ರ ಅಧಿನಿಯಮವು 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ ಪ್ರಕರಣ 95ರಂತೆ ಮಾನಸಿಕ ಕಾಯಿಲೆಯುಳ್ಳವರನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟುವಂತಿಲ್ಲ. ಮನೆಯಲ್ಲಿ ಒಬ್ಬರಿಗೆ ಹಿಂಸೆ ಅಥವಾ ನಿರ್ಲಕ್ಷ್ಯವಾಗುತ್ತಿದೆ ಎಂದು ನಂಬಲು ಕಾರಣವಿದ್ದರೆ ಪ್ರಕರಣ 101ರಂತೆ ಪೊಲೀಸ್ ಠಾಣಾಧಿಕಾರಿಗೆ ತಿಳಿಸಬೇಕು. ಠಾಣಾಧಿಕಾರಿಯು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಬೀದಿಯಲ್ಲಿ ಅಲೆಯುವ ಅಸ್ವಸ್ಥರು ಕಂಡುಬಂದರೆ ಪ್ರಕರಣ 100ರಂತೆ ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗಾಗಿ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇರಿಸುವಂತಿಲ್ಲ.

ಆದರೆ ಕೂಡಿಹಾಕಿದ ಅಣ್ಣನನ್ನು ಕಂಡ ಕೂಡಲೇ ಅಪರಾಧಿಯಂತೆ ಕಾಣುವುದು ಎಲ್ಲ ಸಂದರ್ಭಗಳಲ್ಲೂ ನ್ಯಾಯವಲ್ಲ. ಕೂಲಿಗೆ ಹೋಗದಿದ್ದರೆ ಒಲೆ ಉರಿಯದ ಮನೆಯಲ್ಲಿ, ತಮ್ಮನು ರಸ್ತೆಗೆ ಓಡಿ ಲಾರಿಗೆ ಸಿಲುಕಬಹುದೆಂಬ ಭಯದಿಂದ ಬೀಗ ಹಾಕಿರಬಹುದು. ಅಂತಹ ಮನೆಗೆ ಸದಸ್ಯರು ಆಶಾ ಕಾರ್ಯಕರ್ತೆಯೊಡನೆ ಹೋಗಿ, ಬೀಗ ತೆಗೆಸುವುದರ ಜೊತೆಗೇ ಆಸ್ಪತ್ರೆಯ ದಾರಿಯನ್ನೂ ತೋರಿಸಬೇಕು. ಚಿಕಿತ್ಸೆ ಆರಂಭವಾಗದೆ ಸರಪಳಿ ಮಾತ್ರ ಕಳಚಿದರೆ ಕೆಲವೇ ದಿನಗಳಲ್ಲಿ ಅದು ಮತ್ತೆ ಬೀಳುತ್ತದೆ.

ನಾಮನಿರ್ದೇಶಿತ ಪ್ರತಿನಿಧಿ

ಇದೇ ಅಧಿನಿಯಮದ ಪ್ರಕರಣ 14ರಂತೆ, ವಯಸ್ಕರಾದ ಪ್ರತಿಯೊಬ್ಬರೂ ತಮ್ಮ ಚಿಕಿತ್ಸೆಯ ವಿಚಾರದಲ್ಲಿ ನೆರವಾಗಲು ಒಬ್ಬ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ತಂದೆತಾಯಿಗೆ ವಯಸ್ಸಾಗಿದ್ದರೆ, ಕಾಯಿಲೆಯು ಹತೋಟಿಯಲ್ಲಿರುವಾಗಲೇ ಅಣ್ಣ ಅಥವಾ ತಂಗಿಯನ್ನು ಹೀಗೆ ನೇಮಿಸಿಕೊಳ್ಳುವುದು ವಿವೇಕ. ಆಸ್ಪತ್ರೆಗೆ ಸೇರಿಸುವ ಸಂದರ್ಭದಲ್ಲಿ ಯಾರು ಮುಂದೆ ಬರಬೇಕೆಂಬ ಗೊಂದಲ ತಪ್ಪುತ್ತದೆ. ಈ ಅಧಿಕಾರವು ಚಿಕಿತ್ಸೆಗೆ ಮಾತ್ರ ಸೀಮಿತ. ಆಸ್ತಿಗೆ ಅನ್ವಯಿಸುವುದಿಲ್ಲ.

ಪಾಲು, ಖಾತೆ ಮತ್ತು ಸಹಿ

ಸದಸ್ಯರು ಅತ್ಯಂತ ಎಚ್ಚರದಿಂದ ಇರಬೇಕಾದ ವಿಷಯ ಇದು. ತಂದೆ ತೀರಿಕೊಂಡ ಬಳಿಕ ವಂಶವೃಕ್ಷ, ಪೌತಿ ಖಾತೆ, ವಿಭಾಗ ಪತ್ರಗಳ ಕೆಲಸ ಬರುತ್ತದೆ. ಅವನಿಗೆ ತಲೆ ಸರಿಯಿಲ್ಲ, ಅವನ ಹೆಸರು ಏಕೆ, ನಾನೇ ನೋಡಿಕೊಳ್ಳುತ್ತೇನೆ ಎಂಬ ಮಾತು ಬರುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಅಣ್ಣನು ನಾಳೆ ಸಾಲಕ್ಕೆ ಸಿಲುಕಿ ಜಮೀನು ಮಾರಿದರೆ, ಅಥವಾ ಅವನ ನಂತರ ಮಕ್ಕಳು ಚಿಕ್ಕಪ್ಪನನ್ನು ಹೊರಹಾಕಿದರೆ, ದಾಖಲೆಯಲ್ಲಿ ಹೆಸರಿಲ್ಲದವನಿಗೆ ನಿಲ್ಲಲು ನೆಲವಿರುವುದಿಲ್ಲ.

ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕರಣ 28ರಂತೆ ಕಾಯಿಲೆ ಅಥವಾ ನ್ಯೂನತೆಯ ಕಾರಣದಿಂದ ಯಾರನ್ನೂ ವಾರಸುದಾರಿಕೆಯಿಂದ ಹೊರಗಿಡುವಂತಿಲ್ಲ. ಮಾನಸಿಕ ಕಾಯಿಲೆಯಿದೆ ಎಂಬ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಅವರು ಎಂದೆಂದಿಗೂ ತಿಳಿವಳಿಕೆ ಇಲ್ಲದವರು ಎಂದೂ ಆಗುವುದಿಲ್ಲ. ಕಾಯಿಲೆ ಹತೋಟಿಯಲ್ಲಿದ್ದು ವಿಷಯ ಅರ್ಥವಾಗುವ ಸ್ಥಿತಿಯಲ್ಲಿ ಅವರೇ ನಿರ್ಧರಿಸಿ ಸಹಿ ಹಾಕಬಹುದು. ಕಾಯಿಲೆ ಉಲ್ಬಣಿಸಿದ ಸ್ಥಿತಿಯಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಅನ್ಯಾಯ, ಅದು ನ್ಯಾಯಾಲಯದಲ್ಲಿ ನಿಲ್ಲುವುದೂ ಕಷ್ಟ. ಒಡಹುಟ್ಟಿದವರೆಂಬ ಮಾತ್ರಕ್ಕೆ ವಯಸ್ಕರೊಬ್ಬರ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗೂ ಬರುವುದಿಲ್ಲ. ಅಂತಹ ಅಗತ್ಯ ಬಿದ್ದಾಗ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. ಮಾನಸಿಕ ಅಸ್ವಸ್ಥರು ಅಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರು.

ಆದುದರಿಂದ ಸದಸ್ಯರು ಪಂಚರಾಗಿ ಸಹಿ ಹಾಕುವ ಮೊದಲು ಒಡಹುಟ್ಟಿದವರೆಲ್ಲರ ಹೆಸರು ವಂಶವೃಕ್ಷದಲ್ಲಿ ಇದೆಯೇ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವಂತೆಯೇ ಹಿಂದಿನ ಕೋಣೆಯಲ್ಲಿ ಇರುವವರ ಹೆಸರೂ ಬಿಟ್ಟುಹೋಗುತ್ತದೆ.

ನೋಡಿಕೊಳ್ಳುವವರ ಬದುಕು

ಒಡಹುಟ್ಟಿದವರಿಗೆ ತಮ್ಮದೇ ಆದ ನೋವುಗಳಿರುತ್ತವೆ. ತನಗೂ ಬರಬಹುದೇ, ತನ್ನ ಮಕ್ಕಳಿಗೆ ಬರಬಹುದೇ ಎಂಬ ಭಯ ಮೊದಲನೆಯದು. ಸ್ಕಿಜೋಫ್ರೇನಿಯಾ ಇರುವವರ ಒಡಹುಟ್ಟಿದವರಲ್ಲಿ ಆ ಕಾಯಿಲೆಯ ಸಂಭವ ಇತರರಿಗಿಂತ ಹೆಚ್ಚಿರುವುದು ನಿಜ. ಆದರೂ ನೂರರಲ್ಲಿ ಸುಮಾರು ತೊಂಬತ್ತು ಮಂದಿಗೆ ಅದು ಬರುವುದೇ ಇಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದು ಅಕ್ಕತಂಗಿಯರ ಸಂಬಂಧ ತಪ್ಪಿಹೋಗುವುದು ಎರಡನೆಯ ನೋವು. ಅದನ್ನು ಹೆದರಿ ಮುಚ್ಚಿಡುವುದರಿಂದಲೇ ಚಿಕಿತ್ಸೆ ವರ್ಷಗಟ್ಟಲೆ ತಡವಾಗುತ್ತದೆ. ಕಾಯಿಲೆಯಾದವರಿಗೆ ಔಷಧವೆಂಬಂತೆ ಮದುವೆ ಮಾಡುವುದು ಇನ್ನೊಂದು ಮನೆಯ ಹೆಣ್ಣುಮಗಳಿಗೂ ಅನ್ಯಾಯ, ಕಾಯಿಲೆಯಾದವರಿಗೂ ಹೊರೆ. ಚೇತರಿಸಿಕೊಂಡವರು, ವಿಷಯವನ್ನು ತೆರೆದು ಹೇಳಿ, ಪರಸ್ಪರ ಒಪ್ಪಿ ಮದುವೆಯಾಗಿ ಬಾಳುವುದು ಬೇರೆಯೇ ಮಾತು. ಅದಕ್ಕೆ ಅಡ್ಡಿಯಿಲ್ಲ.

ಹೊಣೆಯನ್ನು ಹಂಚಿಕೊಳ್ಳುವುದು ಸಾಧ್ಯ. ಊರಿನಲ್ಲಿರುವ ಅಣ್ಣ ಮಾತ್ರೆ ನೋಡಿಕೊಂಡರೆ, ಬೇರೆ ಊರಿನ ತಂಗಿ ತಿಂಗಳಿಗೊಮ್ಮೆ ಆಸ್ಪತ್ರೆಗೆ ಜೊತೆಯಾಗಬಹುದು. ಬೆಂಗಳೂರಿನಲ್ಲಿ ದುಡಿಯುವವರು ಪ್ರಯಾಣದ ಖರ್ಚು ಕಳುಹಿಸಿ ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡಬಹುದು. ಅಣ್ಣನ ಹೆಂಡತಿಯು ಅಡುಗೆ, ಬಟ್ಟೆ, ಕಾವಲಿನ ಭಾರವನ್ನು ಹೊತ್ತಿದ್ದರೂ ಯಾವ ತೀರ್ಮಾನದಲ್ಲೂ ಅವಳನ್ನು ಕೇಳುವುದಿಲ್ಲ. ಕುಟುಂಬದ ಮಾತುಕತೆಯಲ್ಲಿ ಸದಸ್ಯರು ಕುಳಿತಾಗ ಆಕೆಯನ್ನೂ ಕೂರಿಸಿಕೊಳ್ಳಬೇಕು.

ಚೇತರಿಕೆಯೆಂದರೆ ಏನು

ಕಾಯಿಲೆಯ ಎಲ್ಲ ಲಕ್ಷಣಗಳೂ ಅಳಿಸಿಹೋದರೆ ಮಾತ್ರ ಚೇತರಿಕೆ ಎಂದು ತಿಳಿಯಬಾರದು. ಬೆಳಗ್ಗೆ ಎದ್ದು ಸ್ನಾನ ಮಾಡುವುದು, ದನಕ್ಕೆ ಮೇವು ಹಾಕುವುದು, ಅಂಗಡಿಯಿಂದ ಸಾಮಾನು ತಂದು ಚಿಲ್ಲರೆ ಎಣಿಸಿ ಕೊಡುವುದು, ಹಬ್ಬದಲ್ಲಿ ಎಲ್ಲರೊಡನೆ ಊಟಕ್ಕೆ ಕೂರುವುದು, ಅರ್ಧ ದಿನದ ಕೂಲಿಗೆ ಹೋಗುವುದು, ಇವೆಲ್ಲವೂ ಅದರ ಮೆಟ್ಟಿಲುಗಳು. ಕೆಲಸವು ಚೇತರಿಕೆಗೆ ಬಹಳ ಸಹಕಾರಿ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ನೀರು ಕೊಡುವಂತಹ ಹಗುರ ಕೆಲಸದಿಂದ ಆರಂಭಿಸಬಹುದು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 21 ಬಗೆಯ ನ್ಯೂನತೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ವೈದ್ಯಕೀಯ ಮಂಡಳಿಯು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯನ್ನು ಪ್ರಮಾಣೀಕರಿಸಿದರೆ ವಿಶಿಷ್ಟ ಗುರುತಿನ ಚೀಟಿ ದೊರೆಯುತ್ತದೆ. ಅದರ ಆಧಾರದ ಮೇಲೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಸಲ್ಲಿಸಬಹುದು. ಗ್ರಾಮ ಪಂಚಾಯತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಕಣ್ಣಿಗೆ ಕಾಣುವ ನ್ಯೂನತೆಗಳ ಪಟ್ಟಿ ಪಂಚಾಯತಿಯಲ್ಲಿ ಇರುತ್ತದೆ. ಮಾನಸಿಕ ಕಾಯಿಲೆಯವರ ಹೆಸರು ಅದರಲ್ಲಿ ಬಿಟ್ಟುಹೋಗಿರುವ ಸಂಭವ ಹೆಚ್ಚು. ವಿಕಲಚೇತನರಿಗಾಗಿ ಪಂಚಾಯತಿಯು ಮೀಸಲಿಡುವ ಶೇ. 5ರ ಅನುದಾನದ ಕ್ರಿಯಾಯೋಜನೆ ತಯಾರಿಸುವಾಗ ಇವರನ್ನೂ ಪರಿಗಣಿಸಬೇಕು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮತ್ತು ಪುನರ್ವಸತಿ ಕಾರ್ಯಕರ್ತರೊಡನೆ ಕುಳಿತು, ಚಿಕಿತ್ಸೆ ಪಡೆಯದ ಅಥವಾ ನಡುವೆ ನಿಲ್ಲಿಸಿದವರು ಇದ್ದಾರೆಯೇ ಎಂದು ವಿಚಾರಿಸುವುದು.

2. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಹಾಗೂ 14416 ಸಂಖ್ಯೆಯನ್ನು ಪಂಚಾಯತಿ ಕಚೇರಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿಗಳಲ್ಲಿ ಬರೆಸುವುದು.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿಯೂ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿಯೂ ಈ ವಿಷಯವನ್ನು ಚರ್ಚೆಗೆ ತರುವುದು.

4. ಗ್ರಾಮ ಸಭೆಯಲ್ಲಿ ಕಾಯಿಲೆಯ ಕುರಿತು ಮಾಹಿತಿ ನೀಡಬಹುದು, ಆದರೆ ಯಾವ ವ್ಯಕ್ತಿಯ ಹೆಸರನ್ನೂ ಹೇಳಬಾರದು. ಪಟ್ಟಿಯನ್ನು ಫಲಕದಲ್ಲಿ ಪ್ರಕಟಿಸಬಾರದು, ವಾಟ್ಸಾಪ್ ಗುಂಪುಗಳಿಗೆ ಕಳುಹಿಸಬಾರದು. ಕಾಯಿಲೆಯ ಗೋಪ್ಯತೆಯು ಕಾನೂನು ನೀಡಿದ ಹಕ್ಕು.

5. ಹುಚ್ಚ, ಹುಚ್ಚಿ ಎಂಬ ಪದಗಳನ್ನು ತಾವು ಬಳಸದಿರುವುದು. ಸದಸ್ಯರು ಹೆಸರು ಹಿಡಿದು ಕರೆದರೆ ಬೀದಿಯ ಮಕ್ಕಳೂ ಹಾಗೆಯೇ ಕರೆಯುತ್ತಾರೆ.

ಮೇಲಿನ ಉದಾಹರಣೆಯ ಮನೆಗೆ ಮರಳೋಣ. ಸದಸ್ಯರೊಬ್ಬರು ಆಶಾ ಕಾರ್ಯಕರ್ತೆಯೊಡನೆ ಎರಡು ಬಾರಿ ಹೋಗಿ ಬಂದ ಮೇಲೆ, ಮೂರನೆಯ ಬಾರಿ ಅಣ್ಣನು ತಮ್ಮನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬಹುದು. ಒಂದೆರಡು ತಿಂಗಳಲ್ಲಿ ನಿದ್ರೆ ಮರಳಬಹುದು, ಸಂಶಯ ತಗ್ಗಬಹುದು. ಒಮ್ಮೆ ಮಾತ್ರೆ ತಪ್ಪಿ ಕಾಯಿಲೆ ಮರುಕಳಿಸಲೂಬಹುದು. ಆಗ ಅದನ್ನು ಸೋಲೆಂದು ತಿಳಿಯದೆ ಮತ್ತೆ ವೈದ್ಯರ ಬಳಿಗೆ ಹೋಗಬೇಕು. ಮುಂದಿನ ಮುಂಗಾರಿನಲ್ಲಿ ಅಣ್ಣತಮ್ಮಂದಿರು ಒಂದೇ ಹೊಲದಲ್ಲಿ ಬಿತ್ತನೆಗೆ ಇಳಿದರೆ, ಮಾತು ಬಿಟ್ಟಿದ್ದ ಅಣ್ಣನು "ಬಾರೋ, ಊಟಕ್ಕೆ ಹೊತ್ತಾಯಿತು" ಎಂದು ಕರೆದರೆ, ಆ ಮನೆಯಲ್ಲಿ ಚೇತರಿಕೆ ಆರಂಭವಾಗಿದೆ ಎಂದು ತಿಳಿಯಬಹುದು.

ತಮ್ಮ ವಾರ್ಡಿನ ಇಂತಹ ಒಂದು ಮನೆಯನ್ನು ನೆನಪಿಸಿಕೊಂಡು, ಈ ವಾರದಲ್ಲಿಯೇ ಒಮ್ಮೆ ಭೇಟಿ ನೀಡಬೇಕೆಂದು ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.